ಸೇರು ರಾಗಿಗೆ ಎಷ್ಟು ನಗು?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಬೀದಿ ಕಲೆಗೆ ಟಿಕೆಟ್ ಇಲ್ಲ, ಲೆಕ್ಕ ಮಾತ್ರ ಪಕ್ಕಾ. ಗುರುತು ಪರಿಚಯ ಇಲ್ಲದವರ ನಡುವಿನ ಆ ಕೊಡು-ಕೊಳ್ಳುವ ವ್ಯವಹಾರದಲ್ಲಿ ತಕ್ಕಡಿ ಮುಳ್ಳಿನ ಕೆಲಸ ಮಾಡುತ್ತಾ ಬಂದಿರುವುದು ನಗು.

ಓಲಗದ ಸದ್ದು ಬೀದಿಯ ಆ ತುದಿಯಲ್ಲಿ ಕೇಳಿಸಿದರೆ ಸಾಕು, ಈ ತುದಿಯ ಮಕ್ಕಳು ಜಗುಲಿಯಿಂದ ಧುಮುಕಿ ಓಡುತ್ತವೆ. ಬಣ್ಣದ ಕೌದಿ ಹೊದ್ದು, ಕೊಂಬಿಗೆ ಹಿತ್ತಾಳೆಯ ಕೋಡಣಸು, ಕೊರಳಿಗೆ ಗಂಟೆಸರ ಕಟ್ಟಿಸಿಕೊಂಡ ಕೋಲೆ ಬಸವ ಬಾಗಿಲ ಮುಂದೆ ಬಂದು ನಿಲ್ಲುತ್ತದೆ. ಆಡಿಸುವವನು ಶುರು ಮಾಡುತ್ತಾನೆ.

“ಬಸವಣ್ಣ, ಈ ಮನೆ ಅವ್ವ ಧರ್ಮವಂತೆನಾ?”

ಬಸವ ತಲೆದೂಗುತ್ತದೆ.

“ಅವ್ವನ ಮಗಂಗೆ ಬರೋ ವರ್ಸ ಮದ್ವೆ ಆಯ್ತದಾ?”

ಇನ್ನೂ ಜೋರಾಗಿ ತಲೆದೂಗುತ್ತದೆ. ಅಷ್ಟರಲ್ಲಿ ಅವ್ವ ಮೊರದ ಮೂಲೆಯಲ್ಲಿ ಒಂದು ಬೊಗಸೆ ರಾಗಿ ತಂದಿರುತ್ತಾಳೆ.

“ಇಷ್ಟು ಸಾಕಾ, ಬಸವಣ್ಣ?”

ಬಸವ ತಲೆಯನ್ನು ಅಡ್ಡಡ್ಡ ಆಡಿಸುತ್ತದೆ.

“ಅಯ್, ನಿನ್ ಬಸವಂಗೆ ನಿಂಗಿಂತ ಆಸೆ ಕಣಪ್ಪ!”

“ನಾನೇನ್ ಕೇಳ್ದೆನವ್ವ? ಕೇಳ್ದೋನು ಅವ್ನು.”

ಬೀದಿ ನಗುತ್ತದೆ. ಅವ್ವ ಒಳಗೆ ಹೋಗಿ ಇನ್ನೊಂದು ಬೊಗಸೆ ತರುತ್ತಾಳೆ, ಮನಸ್ಸು ಬಂದರೆ ಹಳೆಯದೊಂದು ಸೀರೆಯನ್ನೂ. ಸೀರೆ ಬಸವನ ಬೆನ್ನೇರುತ್ತದೆ, ರಾಗಿ ಜೋಳಿಗೆ ಸೇರುತ್ತದೆ, ಓಲಗ ಪಕ್ಕದ ಬಾಗಿಲಿಗೆ ಹೊರಡುತ್ತದೆ. ಮಂಡ್ಯ ಸೀಮೆಯಲ್ಲಿ ಬೆಳೆದು ನಡುವಯಸ್ಸು ದಾಟಿದ ಯಾರನ್ನು ಕೇಳಿದರೂ ಈ ಪ್ರಸಂಗದ ಒಂದಲ್ಲ ಒಂದು ಪಾಠಾಂತರ ಸಿಗುತ್ತದೆ.

ಎತ್ತಿಗೆ ಭವಿಷ್ಯ ತಿಳಿಯದು ಎಂಬುದು ಅವ್ವನಿಗೆ ಗೊತ್ತು. ಮೂಗುದಾರದ ಸಣ್ಣ ಸೆಳೆತ, ದನಿಯ ಏರಿಳಿತ, ಡೋಲಿನ ಒಂದು ಪೆಟ್ಟು, ಇಷ್ಟರಲ್ಲೇ ಬಸವನ ಹೌದು-ಅಲ್ಲ ಅಡಗಿದೆ ಎಂಬುದೂ ಗೊತ್ತು. ಆದರೂ ಆಕೆ ಆಟದೊಳಗೆ ಇಳಿಯುತ್ತಾಳೆ. ಅವಳು ಇಳಿಯದಿದ್ದರೆ ಆಟವೇ ಇಲ್ಲ. ಇಲ್ಲಿ ನಟ ಒಬ್ಬ, ಪ್ರೇಕ್ಷಕಿ ಒಬ್ಬಳು ಎಂಬ ಗೆರೆ ಇಲ್ಲ. ಇಬ್ಬರೂ ಪಾತ್ರಧಾರಿಗಳು, ಎತ್ತು ಮೂರನೆಯದು. ಇದರ ಜಾಣತನ ಇರುವುದು ಇನ್ನೂ ಒಂದು ಕಡೆ. ಹೆಚ್ಚು ಕೇಳಿದ್ದು ಮನುಷ್ಯನಲ್ಲ, ಬಸವ. ಹೆಚ್ಚು ಕೊಟ್ಟದ್ದು ಮನುಷ್ಯನಿಗಲ್ಲ, ಬಸವನಿಗೆ. ಕೇಳಿದವನಿಗೆ ಅವಮಾನವಾಗಲಿಲ್ಲ, ಕೊಟ್ಟವಳಿಗೆ ಮೋಸ ಹೋದೆ ಅನಿಸಲಿಲ್ಲ. ಮುಖ ಪರಿಚಯವೂ ಇಲ್ಲದ ಇಬ್ಬರು ಐದು ನಿಮಿಷದಲ್ಲಿ ಒಂದು ಬೆಲೆಗೆ ಬಂದರು.

ಹಿಮದ ಉಂಡೆಯ ಅಂಗಡಿ

ನೋಡುವವರೂ ಪಾತ್ರಧಾರಿಗಳಾಗುವ ಇಂಥ ಆಟವನ್ನು ಕಲಾಲೋಕ ‘ಜನರ ಪಾಲ್ಗೊಳ್ಳುವಿಕೆಯ ಕಲೆ’ ಎಂದು ಕರೆಯುತ್ತದೆ. ಅದರ ಚರಿತ್ರೆಯಲ್ಲಿ ಪದೇ ಪದೇ ನೆನೆಯುವ ಪ್ರಸಂಗ 1983ರ ಚಳಿಗಾಲದ್ದು. ನ್ಯೂಯಾರ್ಕ್‌ನ ಕೂಪರ್ ಸ್ಕ್ವೇರ್‌ ಬಳಿ, ಹಳೆ ಸಾಮಾನು ಮಾರುವ ಬೀದಿ ವ್ಯಾಪಾರಿಗಳ ಪಕ್ಕದಲ್ಲಿ, ಡೇವಿಡ್ ಹ್ಯಾಮನ್ಸ್ ಎಂಬ ಆಫ್ರಿಕನ್-ಅಮೆರಿಕನ್ ಕಲಾವಿದ ಜಮಖಾನ ಹಾಸಿ ಹಿಮದ ಉಂಡೆಗಳನ್ನು ಜೋಡಿಸಿದ. ದೊಡ್ಡದರಿಂದ ಚಿಕ್ಕದರವರೆಗೆ ಸಾಲು. ಗಾತ್ರಕ್ಕೆ ತಕ್ಕ ದರ. ಕಾಲಡಿಯಲ್ಲೇ ಪುಕ್ಕಟೆ ಬಿದ್ದಿರುವ ಹಿಮವನ್ನು ಗಂಭೀರ ಮುಖ ಮಾಡಿಕೊಂಡು ಮಾರಿದ. ಮನೆಗೆ ಒಯ್ಯುವಷ್ಟರಲ್ಲಿ ಕರಗುವ ಮಾಲು. ಕೊಂಡವರಿಗೆ ಸಿಕ್ಕಿದ್ದು ಒಂದು ನಗು, ಜೊತೆಗೆ ಯಾವುದಕ್ಕೆ ಬೆಲೆ, ಯಾಕೆ ಬೆಲೆ ಎಂಬ ಪ್ರಶ್ನೆ.

ಮೂವತ್ತು ವರ್ಷದ ಬಳಿಕ, 2013ರ ಅಕ್ಟೋಬರ್‌ನಲ್ಲಿ, ಅದೇ ನಗರದ ಸೆಂಟ್ರಲ್ ಪಾರ್ಕ್ ಬಳಿ ಇನ್ನೊಂದು ತಮಾಷೆ ನಡೆಯಿತು. ಮುಖ ತೋರಿಸದ ಬೀದಿ ಚಿತ್ರಕಾರ ಬ್ಯಾಂಕ್ಸಿ ತನ್ನ ಅಸಲಿ ಚಿತ್ರಗಳನ್ನೇ ಹೆಸರು ಹೇಳದೆ ಒಂದು ತಳ್ಳು ಅಂಗಡಿಯಲ್ಲಿ ಇಡಿಸಿದ. ಒಂದಕ್ಕೆ 60 ಡಾಲರ್. ಅಂಗಡಿಯಲ್ಲಿ ಕೂತ ವಯಸ್ಸಾದ ವ್ಯಾಪಾರಿ ಆಕಳಿಸುತ್ತಾ ಗಂಟೆಗಟ್ಟಲೆ ಕಾದ. ದಿನದ ಒಟ್ಟು ವ್ಯಾಪಾರ 420 ಡಾಲರ್. ಮಕ್ಕಳಿಗೆಂದು ಎರಡು ಚಿತ್ರ ಕೊಂಡ ಒಬ್ಬ ಮಹಿಳೆಯಂತೂ ಚೌಕಾಸಿ ಮಾಡಿ ಅರ್ಧ ಬೆಲೆಗೆ ಇಳಿಸಿದಳು. ಮರುವರ್ಷ ಅಂಥ ಎರಡು ಚಿತ್ರಗಳು ಲಂಡನ್ ಹರಾಜಿನಲ್ಲಿ ಒಟ್ಟು ಒಂದು ಲಕ್ಷ ಪೌಂಡ್ ದಾಟಿದವು. ಚೌಕಾಸಿ ಮಾಡಿದ ಆ ಮಹಿಳೆ ಅಂದು ಮದ್ದೂರಿನ ಸಂತೆಯಲ್ಲಿ ನಿಂತಿದ್ದರೆ ಯಾರೂ ಬೆರಗಾಗುತ್ತಿರಲಿಲ್ಲ. ಹೇಳಿದ ಬೆಲೆಗೇ ಕೊಂಡವರನ್ನು ಕಂಡರಷ್ಟೇ ಇಲ್ಲಿ ಬೆರಗು.

ನಮ್ಮ ಪಕ್ಕದ ಮೈಸೂರಿನ ‘ಕಾವಾ’ ಕಲಾಶಾಲೆಯಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ವ್ಯವಹಾರ ಇನ್ನೊಂದು ಬಗೆಯದು. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಮೊಸಳೆಯ ಕಲಾಕೃತಿ ಇಳಿಸಿದರು. 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನದೇ ತುಂಗಾನಗರದ ರಸ್ತೆಗುಂಡಿಗಳ ಮೇಲೆ ನಟ ಪೂರ್ಣಚಂದ್ರ ಮೈಸೂರು ಅವರನ್ನು ಗಗನಯಾತ್ರಿಯಾಗಿ ನಡೆಸಿದರು. ಚಂದ್ರನ ನೆಲ ಅಂದುಕೊಂಡು ನೋಡುತ್ತಿದ್ದಂತೆ ಪಕ್ಕದಲ್ಲಿ ಆಟೊ ಹಾದುಹೋಗುತ್ತದೆ. ಊರು ನಕ್ಕಿತು, ಪಾಲಿಕೆ ಗುಂಡಿ ಮುಚ್ಚಲು ಓಡಿ ಬಂತು. ದೂರು ಕೊಟ್ಟು ಸಿಗದಿದ್ದ ಜಲ್ಲಿ-ಡಾಂಬರು ನಗುವಿಗೆ ಸಿಕ್ಕಿತು. ಇದೂ ವಿನಿಮಯವೇ.

ಹ್ಯಾಮನ್ಸ್ ಮತ್ತು ಬ್ಯಾಂಕ್ಸಿ ಅಂಗಡಿ ಹೂಡಿ ತೋರಿಸಬೇಕಾದ ಸಂಗತಿ ಮಂಡ್ಯದ ಬೀದಿಯಲ್ಲಿ ದಿನವಹಿ ಬದುಕು. ಅದಕ್ಕಿಲ್ಲಿ ಒಂದು ಮಹಾಕಾವ್ಯವೇ ಇದೆ, ಮಂಟೇಸ್ವಾಮಿ ಕಾವ್ಯ.

ಹಲಗೂರಿನ ಕಬ್ಬಿಣದ ಭಿಕ್ಷೆ

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ, ಜನರ ಬಾಯಲ್ಲಿ ಬಿ.ಜಿ. ಪುರ, ಮಂಟೇಸ್ವಾಮಿ ಪರಂಪರೆಯ ಮೂಲ ನೆಲೆ. ‘ಧರೆಗೆ ದೊಡ್ಡವರು’ ಎಂದು ಕರೆಸಿಕೊಳ್ಳುವ ಮಂಟೇಸ್ವಾಮಿ ಶರಣರ ಕಲ್ಯಾಣಕ್ಕೆ ಹೋಗುವುದೇ ಗಬ್ಬು ನಾರುವ, ಯಾರೂ ಬಾಗಿಲಿಗೆ ಬಿಟ್ಟುಕೊಳ್ಳದ ವೇಷದಲ್ಲಿ. ದಾಸೋಹದ ಊರಿನಲ್ಲಿ ನಿಜವಾಗಿಯೂ ಯಾರಿಗೆ ಊಟ ಸಿಗುತ್ತದೆ ಎಂದು ಪರೀಕ್ಷಿಸುವ ಆ ಭಾಗ ಹಾಡುವಾಗ ಕೇಳುಗರು ನಗದೆ ಇರುವುದಿಲ್ಲ. ಆ ನಗು ಚುಚ್ಚುತ್ತಲೂ ಇರುತ್ತದೆ. ದೊಡ್ಡವರ ಮನೆಯ ದಾನದ ಲೆಕ್ಕವನ್ನು ಒಬ್ಬ ಬೇಡುವವ ತಪಾಸಣೆ ಮಾಡುತ್ತಿದ್ದಾನೆ.

ಆಮೇಲಿನ ಕಥೆ ಪೂರ್ತಿ ನಮ್ಮ ಸೀಮೆಯದು. ಮದ್ದೂರು ಕಡೆಯ ನಿಡಘಟ್ಟದ ಆಚಾರಿ ಮನೆಯ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಷ್ಯನನ್ನಾಗಿ ಪಡೆಯುತ್ತಾನೆ. ಅವನೇ ಸಿದ್ದಪ್ಪಾಜಿ. ಗುರು ಅವನಿಗೆ ಒಪ್ಪಿಸುವ ಕೆಲಸ ವಿಚಿತ್ರವಾದದ್ದು: ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಹೋಗಿ, ಅಲ್ಲಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರಬೇಕು. ಅಕ್ಕಿಯಲ್ಲ, ರಾಗಿಯಲ್ಲ, ಕಬ್ಬಿಣ. ಕುಲುಮೆಯವರ ಬಂಡವಾಳವನ್ನೇ ಕೇಳುವ ಭಿಕ್ಷೆ. ಅವರು ಒಲ್ಲೆ ಎನ್ನುತ್ತಾರೆ, ಹಂಗಿಸುತ್ತಾರೆ, ಒಂದರ ಹಿಂದೊಂದು ಪರೀಕ್ಷೆ ಒಡ್ಡುತ್ತಾರೆ, ವಿಷವನ್ನೂ ಇಕ್ಕುತ್ತಾರೆ. ಸಿದ್ದಪ್ಪಾಜಿ ಎಲ್ಲವನ್ನೂ ಗೆಲ್ಲುತ್ತಾನೆ. ಭಕ್ತರಿಗೆ ಇದು ಪವಾಡ. ಪಕ್ಕಕ್ಕೆ ನಿಂತು ಕೇಳಿದರೆ ಇದು ಒಂದು ಚೌಕಾಸಿಯ ಕಥೆಯೂ ಹೌದು: ಕೊಡುವವರ ಹತ್ತಿರ ಮಾಲಿದೆ, ಬೇಡುವವನ ಹತ್ತಿರ ಕಲೆ ಇದೆ, ಎರಡಕ್ಕೂ ಸಮ ಯಾವುದು ಎಂಬ ಜಗ್ಗಾಟ ರಾತ್ರಿಯೆಲ್ಲ ನಡೆಯುತ್ತದೆ.

ರಾತ್ರಿಯೆಲ್ಲ ಎಂದದ್ದು ಅಲಂಕಾರಕ್ಕಲ್ಲ. ಈ ಪರಂಪರೆಯ ದೀಕ್ಷೆ ಪಡೆದ ಗಾಯಕರಾದ ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ, ತಾಳ ಹಿಡಿದು ಈ ಕಾವ್ಯವನ್ನು ಬೆಳಗಿನವರೆಗೆ ಹಾಡುತ್ತಾರೆ. ಹಗಲು ಅದೇ ತಂಬೂರಿ ಹಿಡಿದು ಮನೆ ಮನೆಗೆ ಭಿಕ್ಷೆಗೆ ಹೋಗುತ್ತಾರೆ. ಭಿಕ್ಷೆ ಅವರಿಗೆ ಹಸಿವಿನ ಮಾತಷ್ಟೇ ಅಲ್ಲ, ದೀಕ್ಷೆಯ ಕಟ್ಟಳೆ. ಬಾಗಿಲಲ್ಲಿ ನಿಂತವರು ಕಥೆಯ ಯಾವ ತುಣುಕು ಹಾಡಬೇಕು ಎಂಬುದನ್ನು ಮನೆಯವರ ಮುಖ ನೋಡಿ ತೀರ್ಮಾನಿಸುತ್ತಾರೆ. ಪರಂಪರೆಯ ಲಾಂಛನವಾದ ಕಂಡಾಯವನ್ನು ಪೂಜಿಸುವ ಮನೆಗೆ ಒಂದು, ಅವಸರದಲ್ಲಿರುವ ಮನೆಗೆ ಇನ್ನೊಂದು. ಕೇಳುವವರಲ್ಲಿ ಯಾರೋ ಮುಂದಿನ ಸಾಲು ಎತ್ತಿ ಕೊಟ್ಟರೆ ಹಾಡು ಬೆಳೆಯುತ್ತದೆ, ಮೊರದ ರಾಗಿಯೂ ಬೆಳೆಯುತ್ತದೆ. ಮುಂದೆ ಮಳವಳ್ಳಿ ಮಹದೇವಸ್ವಾಮಿ ಅವರ ದನಿಯಲ್ಲಿ ಈ ಕಥೆಗಳು ಕ್ಯಾಸೆಟ್ ಆಗಿ ಲಾರಿ, ಟೆಂಪೊ, ಹೋಟೆಲು ಎಲ್ಲೆಡೆ ಹರಡಿದವು. ಕಥೆ ದೂರ ಹೋಯಿತು, ಉಳಿಯಿತು ಕೂಡ. ಆದರೆ ಕ್ಯಾಸೆಟ್ ನಿಮ್ಮ ಮುಖ ನೋಡಿ ಹಾಡು ಬದಲಿಸುವುದಿಲ್ಲ.

ಟವೆಲ್ ಕೆಳಗಿನ ಬೆರಳು

ಇಂಥ ಕಲೆ ಬೆಳೆಯಲು ಬೀದಿಗೆ ಚೌಕಾಸಿಯ ಅಭ್ಯಾಸ ಇರಬೇಕು. ಮಂಡ್ಯಕ್ಕೆ ಅದರ ಕೊರತೆ ಇಲ್ಲ. ಪಾಂಡವಪುರದ ಬೇಬಿ ಬೆಟ್ಟ, ಕೆ.ಆರ್. ಪೇಟೆಯ ಹೇಮಗಿರಿ ದನಗಳ ಜಾತ್ರೆಗಳಲ್ಲಿ ಹಳ್ಳಿಕಾರ್ ಜೋಡಿಯ ವ್ಯಾಪಾರ ಕುದುರುವುದನ್ನು ಹತ್ತಿರದಿಂದ ನೋಡಬೇಕು. ಕೊಳ್ಳುವವನ ಕೈಯೂ ದಳ್ಳಾಳಿಯ ಕೈಯೂ ಒಂದು ಟವೆಲ್ ಕೆಳಗೆ ಸೇರುತ್ತವೆ. ಬಾಯಲ್ಲಿ ಒಂದು ಅಂಕಿಯೂ ಹೊರಡುವುದಿಲ್ಲ. ಒಳಗೆ ಬೆರಳು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಹೊರಗೆ ಬರೀ ಮಾತು: “ಹಲ್ಲು ನೋಡಣ್ಣ, ಇನ್ನೂ ಹಾಲುಹಲ್ಲು.” “ನೋಡ್ದೆ ಬುಡು, ನಮ್ಮಜ್ಜಿಗೂ ಅಷ್ಟೇ ಹಲ್ಲವೆ.” ಸುತ್ತ ನಿಂತವರು ಟವೆಲ್ ಅಲುಗಾಡುವುದನ್ನು ನೋಡಿ ಬೆಲೆ ಊಹಿಸುತ್ತಾರೆ, ಒಬ್ಬ ಮಾರುವವನ ಪರ, ಇನ್ನೊಬ್ಬ ಕೊಳ್ಳುವವನ ಪರ ವಕೀಲಿಕೆಗೆ ಇಳಿಯುತ್ತಾನೆ. ವ್ಯಾಪಾರ ಕುದುರಿದರೂ ಮುರಿದರೂ ಬೆಲೆ ಗುಟ್ಟು, ಮಾನ ಉಳಿದಂತೆ. ನಗೆಮಾತು ಆ ಗುಟ್ಟಿಗೆ ಕಾವಲು.

ಸಂತೆಯ ಸೊಪ್ಪಿನವ್ವನ ಬಳಿ ಅಳತೆ ಮುಗಿದ ಮೇಲೆ ಕೊಸರು ಕೇಳುವುದೂ ಇದೇ ಆಟದ ಚಿಕ್ಕ ರೂಪ. ಒಂದು ಕಂತೆ ಕೊಂಡವರಿಗೆ ನಾಲ್ಕು ಎಸಳು ಕೊತ್ತಂಬರಿ. ಅದರಿಂದ ಕೊಂಡವರ ಸಾರು ಹೆಚ್ಚುವುದಿಲ್ಲ, ಮಾರಿದವಳ ಮನೆ ಮುಳುಗುವುದಿಲ್ಲ. ಆದರೆ ಅಳತೆಯಾಚೆಗಿನ ಆ ನಾಲ್ಕು ಎಸಳಿಲ್ಲದೆ ವ್ಯವಹಾರ ಮುಗಿದಂತೆ ಇಬ್ಬರಿಗೂ ಅನಿಸುವುದಿಲ್ಲ.

ಮದ್ದೂರು ರೈಲು ನಿಲ್ದಾಣದಲ್ಲಿ 1917ರಲ್ಲಿ ರಾಮಚಂದ್ರ ಬುದ್ಯ ಅವರು ವಡೆ ತಟ್ಟಿದ ಕಥೆ ಎಲ್ಲರಿಗೂ ಗೊತ್ತು. ಅದರ ರುಚಿಯಷ್ಟೇ ಮುಖ್ಯವಾದದ್ದು ಅದನ್ನು ಮಾರುವ ರೀತಿ. ರೈಲು ನಿಲ್ಲುವುದು ಕೆಲವೇ ನಿಮಿಷ. ಕಿಟಕಿಯೊಳಗೆ ವಡೆ ಹೋಗಬೇಕು, ಹೊರಗೆ ನೋಟು ಬರಬೇಕು, ಮತ್ತೆ ಒಳಗೆ ಚಿಲ್ಲರೆ ಹೋಗಬೇಕು, ಅಷ್ಟರೊಳಗೆ ಗಾಡಿ ಕದಲಿರುತ್ತದೆ. ವ್ಯಾಪಾರಿ ಚಿಲ್ಲರೆ ಹಿಡಿದು ಓಡುತ್ತಾನೆ, ಬೋಗಿಯವರು ಹುರಿದುಂಬಿಸುತ್ತಾರೆ. ಮತ್ತೆಂದೂ ಎದುರಾಗದ ಇಬ್ಬರ ನಡುವೆ ಐದು ರೂಪಾಯಿಯ ಪ್ರಾಮಾಣಿಕತೆಗೆ ನಡೆಯುವ ಈ ಓಟಕ್ಕಿಂತ ದೊಡ್ಡ ಬೀದಿ ನಾಟಕ ಯಾವುದಿದೆ?

ನಗು ಯಾರ ಆಯುಧ?

ಇಷ್ಟು ಹೇಳಿ ‘ಎಂಥ ಸೊಗಸಾದ ಕಾಲ’ ಎಂದು ನಿಟ್ಟುಸಿರು ಬಿಟ್ಟರೆ ಸುಳ್ಳಾಗುತ್ತದೆ. ಕೋಲೆ ಬಸವ ಆಡಿಸುವವರು, ವಂಶಾವಳಿ ಹೇಳುವ ಹೆಳವರು, ಕೈಚಳಕ ತೋರಿಸುವ ಸುಡುಗಾಡು ಸಿದ್ಧರು, ಬುಡುಬುಡಿಕೆಯವರು, ಇವರೆಲ್ಲ ಊರಾಚೆ ಗುಡಾರ ಹಾಕಿಕೊಂಡ ಅಲೆಮಾರಿಗಳು. ಅವರಿಗೆ ಸಿಕ್ಕಿದ್ದು ಹಳೆಯ ಸೀರೆ, ಹೊಸದಲ್ಲ. ಬಾಗಿಲವರೆಗೆ ಪ್ರವೇಶ, ಒಳಗಲ್ಲ. ಕಲೆಗೆ ತಕ್ಕ ಪ್ರತಿಫಲ ಎಂದು ನಾವು ಹೊಗಳುವ ವಿನಿಮಯದಲ್ಲಿ ಒಂದು ಕಡೆ ಹೊಲ, ಕಣಜ, ಜಾತಿಯ ಬಲ, ಇನ್ನೊಂದು ಕಡೆ ಒಂದು ಎತ್ತು ಮತ್ತು ಮಾತು. ಇದು ಸಮಬಲದ ವ್ಯಾಪಾರ ಆಗಿರಲು ಸಾಧ್ಯವೇ ಇರಲಿಲ್ಲ.

ಹಾಗಾಗಿಯೇ ಅಲ್ಲಿ ನಗು ಬೇಕಾಯಿತು. ನೇರವಾಗಿ “ಇದು ಕಮ್ಮಿಯಾಯಿತು” ಎನ್ನಲಾಗದವನು ಎತ್ತಿನ ತಲೆ ಅಲ್ಲಾಡಿಸಿದ. ಗೌಡರ ಜಿಪುಣತನವನ್ನು ಎದುರೇ ಹೇಳಲಾಗದ ಹೆಳವ, ಅವರ ಮುತ್ತಾತನ ಧಾರಾಳವನ್ನು ಊರಿಗೆಲ್ಲ ಕೇಳುವಂತೆ ವರ್ಣಿಸಿದ; ಮುತ್ತಾತ ಕರು ಕೊಟ್ಟಿದ್ದನಂತೆ ಎಂದ ಮೇಲೆ ಮರಿಮಗ ಬೊಗಸೆ ರಾಗಿ ಕೊಟ್ಟು ಪಾರಾಗುವುದು ಹೇಗೆ? ತಕ್ಕಡಿ ಒಂದೇ ಕಡೆ ವಾಲಿದ್ದಾಗ ಇನ್ನೊಂದು ತಟ್ಟೆಗೆ ಹಾಕಲು ಅವರ ಬಳಿ ಇದ್ದದ್ದು ತಮಾಷೆ ಒಂದೇ. ನಗು ನ್ಯಾಯ ಕೊಡಿಸಲಿಲ್ಲ. ಕೊಡುವವರು ಸ್ವಲ್ಪವಾದರೂ ನಾಚುವಂತೆ ಮಾಡಿತು, ಬೇಡುವವರು ತಲೆ ತಗ್ಗಿಸದಂತೆ ನೋಡಿಕೊಂಡಿತು.

ಮನೆಗೊಂದು ಕೋಳಿ

ಈ ಬುದ್ಧಿ ಮಂಡ್ಯದ ಬೀದಿಯಲ್ಲಿ ಇನ್ನೂ ಸತ್ತಿಲ್ಲ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷತೆ ವಹಿಸಿದ್ದವರು ಜಾನಪದ ವಿದ್ವಾಂಸ ಗೊ.ರು. ಚನ್ನಬಸಪ್ಪ. ಸಮ್ಮೇಳನಕ್ಕೆ ಮೊದಲು, ಮಳಿಗೆಗಳಿಗೆ ಹಾಕಿದ ನಿಬಂಧನೆಯಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ನಿಷೇಧಿಸಲಾಗಿತ್ತು. ಬಾಡೂಟದ ಜಿಲ್ಲೆಗೆ ಇದು ತಾಕಿತು.

ಧರಣಿ, ಮನವಿ ಎಲ್ಲ ನಡೆದವು. ಆದರೆ ಊರಿನ ನಾಲಗೆಗೆ ಹತ್ತಿದ್ದು ‘ಮನೆಗೊಂದು ಕೋಳಿ, ಊರಿಗೊಂದು ಕುರಿ’ ಎಂಬ ಅಭಿಯಾನ. ನೀವು ಬಡಿಸದಿದ್ದರೆ ಬೇಡ, ನಾವೇ ಮನೆ ಮನೆಯಿಂದ ಕೋಳಿ ಎತ್ತಿ ಬಂದ ನೆಂಟರಿಗೆ ಉಣಬಡಿಸುತ್ತೇವೆ ಎಂಬ ಸವಾಲು. ಪ್ರತಿಭಟನೆಗೆ ಜನ ಚಂದಾ ಕೊಡುವುದು ಹೊಸದಲ್ಲ. ಜೀವಂತ ಕೋಳಿ ಕೊಡುವುದು ಹೊಸದು. ಕೋಳಿ ಹಿಡಿದು ನಿಂತವರನ್ನು ಕಂಡು ದಾರಿಹೋಕರು ನಕ್ಕರು, ನಕ್ಕವರು ನಿಂತು ಕೇಳಿದರು, ಕೇಳಿದವರು ವಾದಕ್ಕೆ ಇಳಿದರು. ಕೊನೆಯ ದಿನ ಬೇಯಿಸಿದ ಮೊಟ್ಟೆ ಸಮ್ಮೇಳನದ ಊಟದ ಜಾಗದಲ್ಲೂ ಕಾಣಿಸಿಕೊಂಡಿತು. ಪರ-ವಿರೋಧ ಏನೇ ಇರಲಿ, ಆ ಅಭಿಯಾನ ರೂಪಿಸಿದವರಿಗೆ ತಮ್ಮ ನೆಲದ ಹಳೆಯ ವಿದ್ಯೆ ಗೊತ್ತಿತ್ತು. ಮನೆ ಬಾಗಿಲಿಗೆ ಹೋಗಿ ಬೇಡು, ಬೇಡುವುದನ್ನೇ ಆಟ ಮಾಡು, ಕೊಟ್ಟವರನ್ನೂ ಆ ಆಟದೊಳಗೆ ಎಳೆ. ಸಿದ್ದಪ್ಪಾಜಿ ಕಬ್ಬಿಣ ಬೇಡಿದ ಸೀಮೆಯಲ್ಲಿ ಇವರು ಕೋಳಿ ಬೇಡಿದರು.

ಅಪರಿಚಿತರು ಹಾಯದ ಊರು

ಆದರೆ ಬೀದಿ ಬದಲಾಗಿದೆ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಉದ್ಘಾಟನೆಯಾಯಿತು. ಮದ್ದೂರು, ಮಂಡ್ಯ ಎರಡೂ ಪಕ್ಕಕ್ಕೆ ಸರಿದವು. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೂ ಪ್ರವೇಶವಿಲ್ಲ. ಎತ್ತಿನ ಮಾತು ಎಲ್ಲಿ ಬಂತು? ಅಪಘಾತ ತಗ್ಗಿಸಲು ಆ ನಿಯಮ ಬೇಕಿತ್ತು, ಸಮಯವೂ ಉಳಿದಿದೆ. ಆದರೆ ಊರೊಳಗೆ ನಿಂತು ವಡೆ, ಎಳನೀರು, ಬೆಲ್ಲ ಚೌಕಾಸಿ ಮಾಡುತ್ತಿದ್ದ ದಾರಿಹೋಕ ಈಗ ಬೇಲಿಯಾಚೆ ನೂರರ ವೇಗದಲ್ಲಿ ಹಾದುಹೋಗುತ್ತಾನೆ. ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ಕುಯ್ ಎನ್ನುತ್ತದೆ, ಗೇಟು ಏಳುತ್ತದೆ. ಅಷ್ಟರಲ್ಲಿ ಯಾರೂ ಯಾರ ಮುಖವನ್ನೂ ನೋಡಿರುವುದಿಲ್ಲ.

ಕಲಾವಿದರು ವೇದಿಕೆ ಏರಿದ್ದಾರೆ. ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ಜಾನಪದ ಪರಿಷತ್ತನ್ನೂ ರಾಮನಗರದ ಜಾನಪದ ಲೋಕವನ್ನೂ ಕಟ್ಟಿದ ಮೇಲೆ ಈ ಕಲೆಗಳಿಗೆ ಗೌರವದ ಜಾಗ ಸಿಕ್ಕಿತು. ಇಲಾಖೆಯ ಉತ್ಸವ, ದಸರಾ ಮೆರವಣಿಗೆ, ಸಂಭಾವನೆ, ಮಾಸಾಶನ ಬಂದವು. ಇದು ಹಳೆ ಸೀರೆಗಿಂತ ಎಷ್ಟೋ ಮೇಲು, ಅನುಮಾನವೇ ಬೇಡ. ಬ್ಯಾಂಕ್ ಖಾತೆಗೆ ಬೀಳುವ ದುಡ್ಡಿಗೆ ಯಾರ ಬಾಗಿಲಲ್ಲೂ ಕಾಯಬೇಕಿಲ್ಲ. ಆದರೆ ವೇದಿಕೆಯ ಕೆಳಗೆ ಕೂತವನ ಪಾತ್ರ ಅಳಿಸಿಹೋಯಿತು. ಅವನು ಕೊಡುವುದಕ್ಕೂ ಇಲ್ಲ, ಕೊಡದೆ ಸತಾಯಿಸುವುದಕ್ಕೂ ಇಲ್ಲ, ಎತ್ತಿನ ಕೈಲಿ ಬೈಸಿಕೊಳ್ಳುವುದಕ್ಕಂತೂ ಇಲ್ಲವೇ ಇಲ್ಲ. ಚಪ್ಪಾಳೆ ತಟ್ಟಿ ಎದ್ದು ಹೋಗಬಹುದು. ಲೆಕ್ಕ ಇಲಾಖೆಗೂ ಕಲಾವಿದನಿಗೂ ನಡುವಿನದು.

ಬೀದಿಯಲ್ಲೇ ಉಳಿದವರಿಗೆ ಕಾನೂನಿನ ಭಯ ಬೇರೆ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ, ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು, ಆಟ ತೋರಿಸುವುದು ಇವುಗಳ ನೆಪದಲ್ಲಿ ಹಣ ಪಡೆಯುವುದನ್ನೂ ಭಿಕ್ಷಾಟನೆ ಎಂದೇ ಬರೆಯಿತು. ಆ ಕಾಯ್ದೆ ದೆಹಲಿಗೂ ಅನ್ವಯವಾಗಿತ್ತು. ಭಿಕ್ಷೆಯನ್ನು ಅಪರಾಧ ಮಾಡುವ ಅದರ ಕಲಮುಗಳನ್ನು ದೆಹಲಿ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ರದ್ದು ಮಾಡಿತು. ಕರ್ನಾಟಕಕ್ಕೆ ತನ್ನದೇ ಆದ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ, 1975ರದ್ದು. ಒಬ್ಬ ನೀಲಗಾರನ ದೀಕ್ಷೆಗೂ ಒಬ್ಬ ನಿರ್ಗತಿಕನ ಚಾಚಿದ ಕೈಗೂ ಇರುವ ವ್ಯತ್ಯಾಸ ಬಸ್ ನಿಲ್ದಾಣದ ಪೊಲೀಸನ ಲಾಠಿಗೆ ತಿಳಿಯುತ್ತದೆ ಎಂದು ನಂಬುವುದು ಕಷ್ಟ.

ಕಲಾವಿದನಿಗೆ ಸಂಭಾವನೆಯೂ ಇರಲಿ, ಬೀದಿಯೂ ಇರಲಿ. ಸಂಭಾವನೆ ಅವನ ಹಕ್ಕು, ಅದರಲ್ಲಿ ಚೌಕಾಸಿ ಸಲ್ಲದು. ಆದರೆ ಊರಹಬ್ಬಕ್ಕೆ ಕರೆಸುವ ತಂಡವನ್ನು ಪೆಂಡಾಲಿನಲ್ಲಿ ಕೂಡಿಹಾಕದೆ ನಾಲ್ಕು ಬೀದಿ ಸುತ್ತಿಸಿದರೆ, ಹೊಟ್ಟೆಯ ಚಿಂತೆ ಇಲ್ಲದ ಕಲಾವಿದ ಮೊದಲ ಬಾರಿಗೆ ಸಮಬಲದಿಂದ ಬಾಗಿಲಲ್ಲಿ ನಿಂತಾನು. ಆಗ ಅವನ ತಮಾಷೆ ಬಡವನ ಆಯುಧವಾಗಿ ಅಲ್ಲ, ಬರೀ ತಮಾಷೆಯಾಗಿ ಕೇಳಿಸೀತು.

ಅಲ್ಲಿಯವರೆಗೆ ನಾವು ಮಾಡುತ್ತಿರುವ ವ್ಯಾಪಾರ ನೋಡಿ. ಕರ್ನಾಟಕದ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಭಿಕ್ಷುಕರ ಕರ ವಸೂಲು ಮಾಡುತ್ತವೆ. ಮನೆ ಇರುವ ಪ್ರತಿಯೊಬ್ಬರೂ ವರ್ಷ ವರ್ಷ ಅದನ್ನು ತಪ್ಪದೆ ಕಟ್ಟುತ್ತೇವೆ. ಬಾಗಿಲಿಗೆ ಯಾರೂ ಬಂದಿರುವುದಿಲ್ಲ, ಯಾರೂ ಹಾಡಿರುವುದಿಲ್ಲ, ಮಗನ ಮದುವೆಯ ಮಾತು ಎತ್ತಿರುವುದಿಲ್ಲ. ಚೌಕಾಸಿಗೆ ಅವಕಾಶ ಇಲ್ಲ, ಕೊಸರಂತೂ ಕೇಳಲೇಬೇಡಿ.